ಬಿಸಿಯಾದಾಗ ಮಾತ್ರ ಬಾಯಿ ಬಿಡುವ ಬಿರುಕು

ನಮ್ಮ ಹಳೆ ಜೀಪಿನ ಎಂಜಿನ್ ಬಿರುಕು ಬಿಟ್ಟು ಸರಿಯಾದ ಕಥೆ ಇದು. ಮಾರ್ಚ್ ಕೊನೆಯ ವಾರ. ಮಳೆಗಾಲದೊಳಗೆ ಕೊಟ್ಟಿಗೆಯ ಮಾಡು ರಿಪೇರಿ ಆಗಬೇಕಿತ್ತು. ಘಟ್ಟದ ಕೆಳಗೆ ಹೆಬ್ರಿ ಹತ್ತಿರ ಹಳೆ ಮನೆ ಕೆಡವಿದವರು ಒಳ್ಳೆ ಮಂಗಳೂರು ಹೆಂಚನ್ನು ಕಮ್ಮಿ ದರಕ್ಕೆ ಕೊಡ್ತಾರೆ ಅಂತ ಗೊತ್ತಾಯಿತು, ಜೀಪ್ ತೆಗೆದುಕೊಂಡು ಹೋದೆ. ಒಂದು ಹೆಂಚು ಹೆಚ್ಚು ಕಡಿಮೆ ಎರಡೂವರೆ ಕೆಜಿ ತೂಗುತ್ತದೆ. 300 ಹೆಂಚು ಹೇರಿದೆ. ಅಂದರೆ ಮುಕ್ಕಾಲು ಟನ್. ಸೋಮೇಶ್ವರಕ್ಕೆ ಬಂದಾಗ ಮಧ್ಯಾಹ್ನ 2 ಗಂಟೆ, ನೆತ್ತಿ ಸುಡುವ ಬಿಸಿಲು, ಮುಂದೆ ಆಗುಂಬೆ ಘಾಟಿಯ 14 ತಿರುವು. ಮೊದಲನೇ, ಎರಡನೇ ಗೇರಿನಲ್ಲೇ ಹತ್ತಬೇಕು.

ಒಂಬತ್ತನೇ ತಿರುವಿನ ಹತ್ತಿರ ಎಂಜಿನ್ ಎಳೆಯುವುದು ಕಮ್ಮಿಯಾಯಿತು. ಶಬ್ದ ಒಣಗಿದಂತೆ ಬರುತ್ತಿತ್ತು. ಟೆಂಪರೇಚರ್ ಮುಳ್ಳು ನೋಡಿದರೆ ಅದು ಕೆಳಗಿದೆ! ಹಾಗಾಗಿ ಬಿಸಿಯ ಯೋಚನೆಯೇ ಬರಲಿಲ್ಲ. ಇನ್ನೂ ಒಂದು ತಿರುವು ಹತ್ತಿಸಿದೆ. ಆಮೇಲೆ ಬಾನೆಟ್ ಸಂದಿಯಿಂದ ಸುಟ್ಟ ಬಣ್ಣದ ವಾಸನೆ ಬಂತು, ನಿಲ್ಲಿಸಿದೆ. ರೇಡಿಯೇಟರಿನ ಕೆಳಗಿನ ಹೋಸ್ ಉದ್ದಕ್ಕೆ ಸೀಳಿತ್ತು. ಒಳಗೆ ಒಂದು ಹನಿ ನೀರಿರಲಿಲ್ಲ.

ಮುಳ್ಳು ಯಾಕೆ ಕೆಳಗಿತ್ತು ಅನ್ನುವುದು ಆಮೇಲೆ ಅರ್ಥವಾಯಿತು. ಅದರ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಬಿಸಿ ತೋರಿಸುತ್ತದೆ. ನೀರು ಪೂರ್ತಿ ಹೋದ ಮೇಲೆ ಅದರ ಸುತ್ತ ಬರೀ ಗಾಳಿ, ಆವಿ. ಆಗ ಮುಳ್ಳು ಏರುವ ಬದಲು ಇಳಿಯಬಹುದು. ಘಾಟಿ ಹತ್ತುವಾಗ ಮುಳ್ಳು ಇದ್ದಕ್ಕಿದ್ದಂತೆ ಇಳಿದರೆ ಅದೇ ದೊಡ್ಡ ಅಪಾಯದ ಸೂಚನೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಮೊದಲಿಗೇ ಬರೆದೆ.

ತಪ್ಪು ಮಾಡಿದ್ದು ಇದರ ನಂತರ. ಹದಿನೈದು ನಿಮಿಷ ಕಾದು, ಹೋಸಿಗೆ ಸೈಕಲ್ ಟ್ಯೂಬ್ ಸುತ್ತಿ ತಂತಿ ಬಿಗಿದು, ರಸ್ತೆ ಪಕ್ಕದ ಒರತೆಯಿಂದ ಕ್ಯಾನಿನಲ್ಲಿ ನೀರು ತಂದು ಸುರಿದೆ. ಕಾಡಿನ ಒರತೆ ನೀರು ಬೇಸಿಗೆಯಲ್ಲೂ ಎಷ್ಟು ತಣ್ಣಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಅರ್ಧ ಕ್ಯಾನ್ ಹೋಗುವಷ್ಟರಲ್ಲಿ ಒಳಗಿಂದ 'ಟಕ್' ಅಂತ ಒಂದೇ ಒಂದು ಶಬ್ದ. ಅಡಿಕೆ ಸುಲಿಯುವಾಗ ಸಿಪ್ಪೆ ಬಿಡುವ ಶಬ್ದದಷ್ಟು ಸಣ್ಣದು. ಗಾಡಿ ಸ್ಟಾರ್ಟ್ ಆಯಿತು. ಆಗುಂಬೆ ದಾಟಿ, ತೀರ್ಥಹಳ್ಳಿ ದಾರಿ ಹಿಡಿದು, ಕತ್ತಲಾಗುವುದರೊಳಗೆ ಮನೆ ಸೇರಿದೆ. ಹೆಂಚು ಇಳಿಸಿದೆವು. ಒಂದೂ ಒಡೆದಿರಲಿಲ್ಲ.

ಜೀಪ್ ತೊಂಬತ್ತರ ದಶಕದ್ದು. ಮಹೀಂದ್ರಾದ ಡಿಐ ಡೀಸೆಲ್ ಎಂಜಿನ್, ನಾಲ್ಕು ಸಿಲಿಂಡರ್, 2523 ಸಿಸಿ. ಅಪ್ಪ ಕೊಂಡದ್ದು. ಗೊಬ್ಬರ, ಸೊಪ್ಪು, ಅಡಿಕೆ ಗೊನೆ, ಆಸ್ಪತ್ರೆಗೆ ಹೋಗುವ ಅಕ್ಕಪಕ್ಕದವರು, ಎಲ್ಲವನ್ನೂ ಅದು ಹೊತ್ತಿದೆ. ಇದನ್ನು ಗುಜರಿಗೆ ಹಾಕಿ ಬೇರೆ ತೆಗೆದುಕೊಳ್ಳಿ ಅಂತ ತುಂಬಾ ಜನ ಹೇಳಿದರು. ನಮ್ಮ ತೋಟದ ಕೆಳಗಿನ ಹಳ್ಳದ ದಾರಿಯಲ್ಲಿ ಇಳಿದು ಹತ್ತುವ ಬೇರೆ ಗಾಡಿ ನನಗೆ ಗೊತ್ತಿಲ್ಲ. ಅದೂ ಅಲ್ಲದೆ, ಅಪ್ಪನ ಕೈ ಸವೆಸಿದ ಸ್ಟೀರಿಂಗ್ ಅದು. ಬಿಡಲು ನನಗೆ ಮನಸ್ಸೇ ಇರಲಿಲ್ಲ.

ಮರುದಿನದಿಂದ ನೀರು ಕಮ್ಮಿಯಾಗಲು ಶುರು. ಎರಡು ದಿನಕ್ಕೆ ಒಂದು ಲೀಟರ್. ಕೆಳಗೆ ಎಲ್ಲೂ ಸೋರಿದ ಗುರುತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸೈಲೆನ್ಸರಿನಿಂದ ಬಿಳಿ ಹೊಗೆ, ಐದು ನಿಮಿಷ ಮೂರೇ ಸಿಲಿಂಡರಿನಲ್ಲಿ ಓಡಿದ ಹಾಗೆ ಕುಂಟುತ್ತಿತ್ತು. ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಮಾತ್ರ ಕಪ್ಪಗೆ ಚೆನ್ನಾಗಿಯೇ ಇದೆ. ನೀರು ಸೇರಿದ್ದರೆ ಹಾಲು ಹಾಕಿದ ಕಾಫಿ ಹಾಗೆ ಆಗಬೇಕಿತ್ತು.

ನಮ್ಮೂರ ಮೆಕ್ಯಾನಿಕ್ ಹುಡುಗ ಬಂದು ನೋಡಿದ. "ಹೆಡ್ ಪ್ಯಾಕಿಂಗ್ ಹೋಗಿರ್ಬೇಕು ಅಣ್ಣ" ಅಂದ. ಹೆಡ್ ಅಂದರೆ ಸಿಲಿಂಡರುಗಳ ಮೇಲಿನ ದಪ್ಪ ಮುಚ್ಚಳ, ಪ್ಯಾಕಿಂಗ್ ಅಂದರೆ ಅದರ ಅಡಿಯ ತೆಳು ಹಾಳೆ. ಹೆಡ್ ಬಿಚ್ಚಿ, ಪೇಟೆಯ ಒಂದು ವರ್ಕ್‌ಶಾಪಿಗೆ ಕಳಿಸಿದೆವು. ಅವರು ತೊಳೆದು, ತಣ್ಣೀರಿನಲ್ಲಿಟ್ಟು ಗಾಳಿ ಕೊಟ್ಟು ನೋಡಿ, ಲೀಕ್ ಇಲ್ಲ, ಹೆಡ್ ಸರಿಯಿದೆ ಅಂದರು. ಹೊಸ ಪ್ಯಾಕಿಂಗ್ ಹಾಕಿ ಕೂರಿಸಿದ್ದಾಯಿತು. ಹದಿನೈದು ದಿನ ಕಳೆದಿಲ್ಲ, ಮತ್ತೆ ಅದೇ ಕಥೆ. ಪ್ಯಾಕಿಂಗಿನ ದುಡ್ಡು, ಆಯಿಲ್, ಮೂರು ದಿನದ ಕೂಲಿ, ಎಲ್ಲಾ ನೀರಿಗೆ ಹೋಯಿತು.

ಎರಡನೇ ಸಲ ಬಿಚ್ಚುವ ಮೊದಲು ಒಂದು ಪರೀಕ್ಷೆ ನಾವೇ ಮಾಡಿದೆವು. ಇದು ಯಾರು ಬೇಕಾದರೂ ಮನೆಯಂಗಳದಲ್ಲಿ ಮಾಡಬಹುದು. ರಾತ್ರಿಯಿಡೀ ತಣ್ಣಗಾದ ಎಂಜಿನ್. ರೇಡಿಯೇಟರ್ ಮುಚ್ಚಳ ತೆಗೆದು, ಕುತ್ತಿಗೆಯವರೆಗೆ ನೀರು ತುಂಬಿ, ಸ್ಟಾರ್ಟ್ ಮಾಡಿ ನೋಡುತ್ತಾ ಕೂರುವುದು. ಪ್ಯಾಕಿಂಗ್ ಸುಟ್ಟಿದ್ದರೆ ಸಾಮಾನ್ಯವಾಗಿ ಶುರುವಿನಿಂದಲೇ ಗುಳ್ಳೆ ಬರುತ್ತದೆ. ನಮ್ಮದರಲ್ಲಿ ಇಪ್ಪತ್ತು ನಿಮಿಷ ಒಂದು ಗುಳ್ಳೆಯೂ ಇಲ್ಲ. ನೀರು ಬಿಸಿಯಾಗಿ ಮೇಲಿನ ಹೋಸ್ ಮುಟ್ಟಲಾಗದಷ್ಟು ಸುಡುವಾಗ ಒಂದೊಂದೇ ಗುಳ್ಳೆ ಬರತೊಡಗಿತು, ಆಮೇಲೆ ಸಾಲು ಸಾಲಾಗಿ. ತಣ್ಣಗಿದ್ದಾಗ ಮುಚ್ಚಿಕೊಂಡು ಬಿಸಿಯಾದಾಗ ಬಾಯಿ ಬಿಡುವಂಥದ್ದು ಏನೋ ಒಳಗಿದೆ ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು. ತಣ್ಣೀರಿನ ಪರೀಕ್ಷೆಯಲ್ಲಿ ಅದು ಸಿಗದೇ ಇದ್ದದ್ದಕ್ಕೂ ಇದೇ ಕಾರಣ.

ಹೆಡ್ ಬಿಚ್ಚುವುದರ ಬಗ್ಗೆ ಒಂದು ಮಾತು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಬಿಚ್ಚಬೇಕು, ಅಂಚಿನ ನಟ್ಟಿನಿಂದ ನಡುವಿಗೆ ಬರಬೇಕು, ಒಂದೊಂದನ್ನೂ ಕಾಲು ಕಾಲು ಸುತ್ತು ಸಡಿಲಿಸುತ್ತಾ. ಬಿಸಿಯಿರುವಾಗ ಒಂದೇ ಕಡೆ ಬಿಚ್ಚಿದರೆ ಇದ್ದ ಹೆಡ್ಡೂ ಸೊಟ್ಟಗಾಗುತ್ತದೆ.

ಬೆಂಕಿ ಬೀಳುವ ಮುಖವನ್ನು ವೈರ್ ಬ್ರಶ್ಶಿನಲ್ಲಿ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ಬಿಸಿಲಿನಲ್ಲಿಟ್ಟು ಭೂತಗನ್ನಡಿ ಹಿಡಿದೆ. ಮೂರನೇ ಸಿಲಿಂಡರಿನ ಎರಡು ವಾಲ್ವ್ ಸೀಟುಗಳ (ಗಾಳಿ, ಹೊಗೆಯ ಬಾಗಿಲಾದ ವಾಲ್ವ್ ಕೂರುವ ಬಳೆಗಳ) ನಡುವೆ ಕೂದಲೆಳೆಯಂಥ ಗೆರೆ. ಉಗುರು ಎಳೆದರೆ ಸಿಗುತ್ತಿರಲಿಲ್ಲ. ಎರಡನೇ ಸಿಲಿಂಡರಿನಲ್ಲೂ ಅಂಥದ್ದೇ, ಆದರೆ ಇನ್ನೂ ಚಿಕ್ಕದು.

ತೀರ್ಥಹಳ್ಳಿಯಲ್ಲಿ ಪರಿಚಯದ ವೆಲ್ಡಿಂಗ್‌ನವರ ಹತ್ತಿರ ಹೋದೆ. ಒಂದು ಸಾಲು ವೆಲ್ಡ್ ಎಳೆದು ಫೇಸಿಂಗ್ ಮಾಡಿಸಿದರೆ (ಮುಖ ಮಟ್ಟ ಮಾಡಿಸಿದರೆ) ಮುಗೀತು ಅಂತ ನನ್ನ ಲೆಕ್ಕ. ಅವರು ಹೆಡ್ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, "ಇದು ಬೀಡು ಗೌಡ್ರೆ, ಇದಕ್ಕೆ ಕೈ ಹಾಕೋ ಮೊದ್ಲು ಒಂದು ನೋಡಿ" ಅಂದರು. ಬೀಡು ಅಂದರೆ ಎರಕದ ಕಬ್ಬಿಣ. ಮೂಲೆಯಲ್ಲಿ ಹೊಲಿಗೆ ಮಷೀನಿನ ಒಡೆದ ಕಾಲು ಬಿದ್ದಿತ್ತು, ಅದೂ ಬೀಡೇ. ಮಾಮೂಲಿ ರಾಡಿನಲ್ಲಿ ಎರಡು ಇಂಚು ವೆಲ್ಡ್ ಮಾಡಿ ಪಕ್ಕಕ್ಕಿಟ್ಟರು. ಚಹಾ ಕುಡಿಯುತ್ತಿದ್ದೆವು. 'ಟಿಣ್' ಅಂದಿತು. ವೆಲ್ಡ್ ಗಟ್ಟಿಯಾಗಿಯೇ ಇತ್ತು, ಅದರ ಪಕ್ಕದಲ್ಲಿ, ವೆಲ್ಡಿಗೆ ಸಮಾನಾಂತರವಾಗಿ ಹೊಸ ಬಿರುಕು. ಹಣ ತೆಗೆದುಕೊಳ್ಳದೆ ಶಿವಮೊಗ್ಗಕ್ಕೆ ಹೋಗಿ ಅಂದರು. ಆ ಮನುಷ್ಯನಿಗೆ ನಾನು ಋಣಿ. ನನ್ನ ಹೆಡ್ ಮೇಲೆಯೇ ಪ್ರಯೋಗ ಮಾಡಿದ್ದರೆ ಆ ಜಾಗ ಡ್ರಿಲ್ಲೂ ಇಳಿಯದಷ್ಟು ಗಡುಸಾಗಿ, ಮುಂದಿನ ದಾರಿಯೇ ಮುಚ್ಚಿಹೋಗುತ್ತಿತ್ತು.

ಹೆಡ್ಡನ್ನು ಗೋಣಿ ಚೀಲದಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ಹಾಕಿದೆ. ಇಬ್ಬರು ಹಿಡಿದರೇ ಏಳುವ ಭಾರ. ಮಂಡಗದ್ದೆ, ಗಾಜನೂರು ದಾಟುವವರೆಗೂ ಕಂಡಕ್ಟರ್ ಒಳಗೇನಿದೆ ಅಂತ ಎರಡು ಸಲ ಕೇಳಿದರು. ಶಿವಮೊಗ್ಗದಲ್ಲಿ ಇಳಿದು ಆಟೋ ಹಿಡಿದು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋದೆ. ಲಾರಿ, ಟ್ರ್ಯಾಕ್ಟರ್ ಹೆಡ್ಡುಗಳ ಕೆಲಸವನ್ನೇ ಮಾಡುವ ಒಂದು ಬೋರಿಂಗ್ ಶಾಪ್ ಇದೆ ಅಂತ ಒಬ್ಬ ಟ್ರ್ಯಾಕ್ಟರ್ ಮಾಲೀಕರು ಹೇಳಿದ್ದರು.

ಶಾಪಿನ ಯಜಮಾನರನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ. ಅಲ್ಲೇ ಸ್ಟೂಲಿನ ಮೇಲೆ ಒಬ್ಬರು ಅಜ್ಜ ಕೂತಿದ್ದರು, ಭದ್ರಾವತಿ ಕಾರ್ಖಾನೆಯ ಫೌಂಡ್ರಿಯಲ್ಲಿ ಇದ್ದು ನಿವೃತ್ತಿಯಾದವರು. 1923ರಲ್ಲಿ ಶುರುವಾದ ಕಾರ್ಖಾನೆ ಅದು. ಕೆಮ್ಮಣ್ಣುಗುಂಡಿಯ ಅದಿರು, ನಮ್ಮ ಕಾಡಿನ ಕಟ್ಟಿಗೆಯ ಇದ್ದಿಲು, ಅದರಲ್ಲಿ ಕಬ್ಬಿಣ ಕರಗಿಸುತ್ತಿದ್ದ ಕಾಲವನ್ನು ಅಜ್ಜನ ತಂದೆ ನೋಡಿದ್ದರಂತೆ. ಬೀಡಿನ ವಿಷಯ ಎತ್ತಿದರೆ ಸಾಕು, ಅಜ್ಜನ ಮಾತು ಬೇಗ ನಿಲ್ಲುವುದಿಲ್ಲ. ನನಗೂ ಅದೇ ಬೇಕಿತ್ತು.

ಹೊಲಿಗೆ ಮಷೀನಿನ ಕಾಲಿನ ಕಥೆ ಹೇಳಿದೆ. ಅಜ್ಜ ತಲೆಯಾಡಿಸಿದರು. "ಬೀಡಿನಲ್ಲಿ ನೂರಕ್ಕೆ ಮೂರು ಪಾಲಿನ ಮೇಲೆ ಇಂಗಾಲ ಇರ್ತದೆ ಮಾರಾಯ್ರೆ. ಅದು ಒಳಗೆ ಅವಲಕ್ಕಿ ಹಾಗೆ ತೆಳ್ಳಗೆ ಹರಡಿರ್ತದೆ. ಒತ್ತಿದ್ರೆ ಬೀಡು ಎಷ್ಟು ಬೇಕಾದ್ರೂ ತಡೀತದೆ. ಎಳೆದ್ರೆ ಆ ಅವಲಕ್ಕಿ ಅಂಚಿನಿಂದ ಸೀಳ್ತದೆ." ವೆಲ್ಡ್ ಮಾಡಿದಾಗ ಕರಗಿದ ಜಾಗದ ಬಿಸಿಯನ್ನು ಸುತ್ತಲಿನ ದಪ್ಪ ಲೋಹ ಕ್ಷಣದಲ್ಲಿ ಎಳೆದುಕೊಳ್ಳುತ್ತದೆ. ಅಷ್ಟು ಬೇಗ ತಣ್ಣಗಾದರೆ ಇಂಗಾಲಕ್ಕೆ ಅವಲಕ್ಕಿಯಾಗಲು ಸಮಯವೇ ಸಿಗುವುದಿಲ್ಲ. ಆ ಅಂಚು ಬಿಳಿ ಬೀಡಾಗಿ ಗಾಜಿನಂತೆ ಗಡುಸಾಗುತ್ತದೆ. ವೆಲ್ಡ್ ಕುಗ್ಗುತ್ತಾ ಎಳೆಯುತ್ತದೆ, ಗಾಜು ಬಿರಿಯುತ್ತದೆ.

ನನ್ನ ಹೆಡ್ ಒಡೆದದ್ದೂ ಇದೇ ಎಳೆತಕ್ಕೆ. ಎರಡು ವಾಲ್ವ್‌ಗಳ ನಡುವಿನ ಸೇತುವೆ ತುಂಬಾ ತೆಳ್ಳಗಿರುತ್ತದೆ, ಒಂದು ಪಕ್ಕ ಒಳಬರುವ ತಣ್ಣನೆ ಗಾಳಿ, ಇನ್ನೊಂದು ಪಕ್ಕ ಹೊರಹೋಗುವ ಬೆಂಕಿ, ಹಿಂದೆ ನೀರು. ನೀರಿಲ್ಲದೆ ಅದು ಕಾದು ಹಿಗ್ಗಲು ಹೋಯಿತು, ಸುತ್ತಲಿನ ಲೋಹ ಬಿಡಲಿಲ್ಲ, ಹಿಸುಕಿಕೊಂಡು ಕೂತಿತು. ಅದರ ಮೇಲೆ ನಾನು ಒರತೆ ನೀರು ಸುರಿದೆ. ಒಮ್ಮೆಲೇ ಕುಗ್ಗಿತು. ಘಾಟಿಯಲ್ಲಿ ಕೇಳಿದ ಆ 'ಟಕ್' ಅದೇ. ಒಂದು ಗಂಟೆ ನೆರಳಲ್ಲಿ ಕೂತು ಎಂಜಿನ್ ತಾನಾಗಿ ಆರಿದ ಮೇಲೆ ನೀರು ಹಾಕಿದ್ದರೆ ಪ್ರಾಯಶಃ ಒಂದು ಹೋಸಿನ ಖರ್ಚಿನಲ್ಲಿ ಮುಗಿಯುತ್ತಿತ್ತು.

ಬೀಡನ್ನು ವೆಲ್ಡ್ ಮಾಡಲು ಬರುವುದೇ ಇಲ್ಲ ಅಂತಲ್ಲ. ಅಜ್ಜ ಎರಡು ದಾರಿ ಹೇಳಿದರು. ಒಂದು, ನಿಕ್ಕಲ್ ರಾಡಿನಲ್ಲಿ ಅರ್ಧ ಇಂಚು, ಒಂದು ಇಂಚು ಮಾತ್ರ ಹಾಕಿ, ತಕ್ಷಣ ಸುತ್ತಿಗೆಯ ಮೊನೆಯಿಂದ ಸಣ್ಣಗೆ ತಟ್ಟಿ, ಕೈ ಇಡುವಷ್ಟು ಆರಿದ ಮೇಲೆ ಮುಂದಿನದು. ಇನ್ನೊಂದು ಹಳೆಯ ಕ್ರಮ. ಇಡೀ ಹೆಡ್ಡನ್ನು ಇದ್ದಿಲ ಕುಲುಮೆಯಲ್ಲಿ 600 ಡಿಗ್ರಿ ದಾಟಿಸಿ ಮಂಕು ಕೆಂಪಾಗುವವರೆಗೆ ಕಾಯಿಸಿ, ಬೀಡಿನ ಕಡ್ಡಿಯಿಂದಲೇ ಗ್ಯಾಸ್ ವೆಲ್ಡ್ ಮಾಡಿ, ಬೂದಿಯಲ್ಲಿ ಹೂತು ಒಂದೆರಡು ದಿನ ಮುಟ್ಟದೇ ಬಿಡುವುದು. ಸರಿಯಾಗಿ ಮಾಡಿದರೆ ಹೊಸ ಹೆಡ್ಡಿನ ಹಾಗೆಯೇ ಆಗುತ್ತದಂತೆ. ಆದರೆ ಅಷ್ಟು ಕಾಯಿಸಿದರೆ ಮುಖ ಬಾಗುತ್ತದೆ, ಗೈಡು (ವಾಲ್ವ್ ಕಡ್ಡಿ ಓಡಾಡುವ ಕೊಳವೆ), ಸೀಟು ಎಲ್ಲಾ ಹೊಸದು ಬೇಕು. ಮತ್ತೆ ಅದಕ್ಕೆ ಕುಲುಮೆಯೂ, ಆ ಕೈಯೂ ಈಗ ಸುಲಭಕ್ಕೆ ಸಿಗುವುದಿಲ್ಲ.

ಭಾಯ್ ಮಾಡುವುದು ಮೂರನೆಯದು. ಬೆಂಕಿಯೇ ಇಲ್ಲದ ಹೊಲಿಗೆ, ಅವರು ಸ್ಟಿಚಿಂಗ್ ಅನ್ನುತ್ತಾರೆ. ಆದರೆ ಮೊದಲು ಪರೀಕ್ಷೆ ಆಗಬೇಕು, ಬಿರುಕಿನ ತುದಿ ಎಲ್ಲಿದೆ ಅಂತ ಗೊತ್ತಾಗದೆ ಡ್ರಿಲ್ ಮುಟ್ಟುವುದಿಲ್ಲ ಅಂದರು. ಆ ಮಾತಿಗೇ ನನಗೆ ನಂಬಿಕೆ ಬಂತು.

ಹೆಡ್ಡನ್ನು ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿ ನೆನೆಹಾಕಿದರು. ಬೀಡಿಗೆ ಇದು ಆಗುತ್ತದೆ, ಅಲ್ಯೂಮಿನಿಯಂ ಹೆಡ್ಡಿಗೆ ಮಾತ್ರ ಹಾಕಲೇಬಾರದು, ತಿಂದುಬಿಡುತ್ತದೆ. ಬೆಳಿಗ್ಗೆ ನೀರಿನ ದಾರಿಗಳಿಂದ ಕೆಂಪು ಕೆಸರು ಹೊರಬಂತು, ಒಂದು ಲೋಟದಷ್ಟು. ವರ್ಷಗಟ್ಟಲೆ ಕೂಲಂಟ್ ಇಲ್ಲದೆ ಹಳ್ಳದ ನೀರು ಹಾಕಿದ್ದರ ತುಕ್ಕು. ಮೂರನೇ ಸಿಲಿಂಡರಿನ ಹಿಂದೆ ಕೆಸರು ಜಾಸ್ತಿ ಕಟ್ಟಿತ್ತು. ಬಿರುಕು ಅಲ್ಲೇ ಬಿದ್ದದ್ದಕ್ಕೆ ಇದೂ ಒಂದು ಕಾರಣ ಅಂತ ಭಾಯ್ ಹೇಳಿದರು. ಅದನ್ನು ಕೈಯಲ್ಲಿ ಹಿಡಿದು ನೋಡಿದಾಗ ಬೇಜಾರಾಯಿತು. ಅಪ್ಪ ಇದ್ದಾಗ ಪ್ರತಿ ಮಳೆಗಾಲ ಮುಗಿದ ಮೇಲೆ ರೇಡಿಯೇಟರ್ ತೊಳೆಸುತ್ತಿದ್ದರು. ನಾನು ಬಿಟ್ಟಿದ್ದೆ.

ಆಮೇಲೆ ಬಣ್ಣದ ಪರೀಕ್ಷೆ. ಮುಖದ ಮೇಲೆ ಕೆಂಪು ದ್ರವ ಸಿಂಪಡಿಸಿ ಕಾಲು ಗಂಟೆ ಬಿಟ್ಟು, ಚೆನ್ನಾಗಿ ಒರೆಸಿ, ಮೇಲೆ ಬಿಳಿ ಪುಡಿಯಂಥದ್ದನ್ನು ಸಿಂಪಡಿಸಿದರು. ಬಿರುಕಿನೊಳಗೆ ಇಳಿದಿದ್ದ ಕೆಂಪು ನಿಧಾನವಾಗಿ ಬಿಳಿಯ ಮೇಲೆ ಎದ್ದು ಬಂತು. ಮೂರನೇ ಸಿಲಿಂಡರಿನಲ್ಲಿ ಸೀಟಿನಿಂದ ಸೀಟಿಗೆ ಹೋಗಿ, ಎಕ್ಸಾಸ್ಟ್ ಕಡೆಯ ಗಂಟಲಿಗೆ (ಹೊಗೆ ಹೊರಹೋಗುವ ದಾರಿಗೆ) ಇಳಿದಿತ್ತು. ನನ್ನ ಭೂತಗನ್ನಡಿಗೆ ಕಂಡದ್ದರ ಎರಡರಷ್ಟು ಉದ್ದ. ಎರಡನೇ ಸಿಲಿಂಡರಿನದು 9 ಮಿಲಿಮೀಟರ್.

"ಎರಡೂ ಹೊಲೀಬೇಕಾ ಭಾಯ್?" ಅಂದೆ.

"ಬಣ್ಣ ಮೇಲಿಂದು ಮಾತ್ರ ಹೇಳ್ತದೆ ಗೌಡ್ರೆ. ನೀರಿನವರೆಗೆ ಹೋಗಿದ್ಯಾ ಇಲ್ವಾ ಅಂತ ಗಾಳಿ ಹೇಳ್ಬೇಕು."

ಶಾಪಿನ ಹಿಂದೆ ಉದ್ದಕ್ಕೆ ಸೀಳಿದ ಡ್ರಮ್, ಅಡಿಯಲ್ಲಿ ಸೌದೆ ಒಲೆ. ಹೆಡ್ಡಿನ ಮುಖಕ್ಕೆ ರಬ್ಬರ್ ಹಾಳೆ ಇಟ್ಟು ಅದರ ಮೇಲೆ ದಪ್ಪ ಕಬ್ಬಿಣದ ಪ್ಲೇಟ್ ಬಿಗಿದರು. ನೀರಿನ ತೂತುಗಳು ಮಾತ್ರ ಮುಚ್ಚಬೇಕು, ಸಿಲಿಂಡರಿನ ಜಾಗ ಕಾಣಬೇಕು, ಅದಕ್ಕೆ ಪ್ಲೇಟನ್ನು ಹಾಗೇ ಕೊರೆದಿದ್ದರು. ಒಂದು ತೂತಿನಿಂದ ಕಂಪ್ರೆಸರ್ ಗಾಳಿ, ಸುಮಾರು 3 ಬಾರ್. ತಣ್ಣೀರಿನಲ್ಲಿ ಮುಳುಗಿಸಿದಾಗ ಏನೂ ಇಲ್ಲ. ಮೊದಲಿನ ವರ್ಕ್‌ಶಾಪಿನಲ್ಲಿ ಇಲ್ಲಿಗೇ ನಿಲ್ಲಿಸಿದ್ದರು. ಭಾಯ್ ಸೌದೆ ತಳ್ಳಿದರು. ನೀರು 80 ಡಿಗ್ರಿ ಹತ್ತಿರ ಬರಲು ಮುಕ್ಕಾಲು ಗಂಟೆ ಬೇಕಾಯಿತು. 60 ದಾಟಿದಾಗ ಮೂರನೇ ಸಿಲಿಂಡರಿನ ಗಂಟಲಿನಿಂದ ಸಾಸಿವೆಯಷ್ಟು ಚಿಕ್ಕ ಗುಳ್ಳೆ ಹೊರಟಿತು. 80ಕ್ಕೆ ಬರುವಾಗ ಮಣಿಸರ ಎಳೆದ ಹಾಗೆ ಬರುತ್ತಿತ್ತು. ಎರಡನೇ ಸಿಲಿಂಡರಿನಿಂದ ಕೊನೆಯವರೆಗೂ ಒಂದೂ ಬರಲಿಲ್ಲ.

ಅದನ್ನು ಮುಟ್ಟುವುದು ಬೇಡ ಅಂತ ತೀರ್ಮಾನವಾಯಿತು. ಹಳೆ ಡೀಸೆಲ್ ಹೆಡ್ಡುಗಳಲ್ಲಿ ಸೀಟುಗಳ ನಡುವೆ ಇಂಥ ಮೇಲ್ಮೈ ಬಿರುಕು ಇದ್ದೂ ವರ್ಷಗಟ್ಟಲೆ ಓಡುತ್ತವೆ. ನೀರಿಗೆ ತಲುಪಿರದಿದ್ದರೆ ಅದನ್ನು ಕೆದಕಿ ದೊಡ್ಡದು ಮಾಡುವುದರಲ್ಲಿ ಅರ್ಥವಿಲ್ಲ. ನನಗೆ ಮನಸ್ಸು ಪೂರ್ತಿ ಒಪ್ಪಲಿಲ್ಲ, ಆದರೆ ಅಜ್ಜನೂ ಅದನ್ನೇ ಹೇಳಿದರು.

ಹೊಲಿಗೆಯ ದಿನ ನಾನು ಶಿವಮೊಗ್ಗದಲ್ಲೇ ನೆಂಟರ ಮನೆಯಲ್ಲಿ ಉಳಿದು ಬೆಳಿಗ್ಗೆಯೇ ಹೋದೆ. ಈ ಕೆಲಸವನ್ನು ಕಣ್ಣಾರೆ ನೋಡಲೇಬೇಕು ಅನಿಸಿತ್ತು.

ಮೊದಲು ಮೂರನೇ ಸಿಲಿಂಡರಿನ ಎರಡೂ ಸೀಟು ತೆಗೆದರು, ಬಿರುಕು ಅವುಗಳ ಅಡಿಗೆ ಹೋಗಿತ್ತು. ಬಿರುಕಿನ ಎರಡು ತುದಿಗಿಂತ ಸ್ವಲ್ಪ ಆಚೆ 3 ಮಿಮೀ ತೂತು ಹಾಕಿದರು. ಬಿರುಕಿನ ಚೂಪು ತುದಿಯಲ್ಲೇ ಎಳೆತ ಎಲ್ಲಾ ಸೇರಿಕೊಂಡಿರುತ್ತದೆ, ದುಂಡನೆ ತೂತು ಸಿಕ್ಕಿದರೆ ಅದು ಹರಡಿಹೋಗುತ್ತದೆ, ಬಿರುಕು ಮುಂದೆ ಓಡುವುದಿಲ್ಲ. ಆಮೇಲೆ ಬಿರುಕಿನ ಮೇಲೆಯೇ ಒಂದು ತುದಿಯಿಂದ ಶುರು. 6 ಮಿಮೀ ಪಿನ್ನಿಗೆ ತಕ್ಕ ತೂತು ಕೊರೆದು, ಒಳಗೆ ಟ್ಯಾಪ್ ಹೊಡೆದು ಥ್ರೆಡ್ ಮಾಡಿ, ಸೀಲಂಟ್ ಹಚ್ಚಿದ ಮೆದು ಕಬ್ಬಿಣದ ಪಿನ್ ತಿರುಗಿಸಿ ಬಿಗಿದು, ಮೇಲಿನ ತುಂಡು ಕತ್ತರಿಸಿ, ತಲೆಯನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟುವುದು. ಮುಂದಿನ ತೂತು ಪಕ್ಕದಲ್ಲಲ್ಲ, ಹಿಂದಿನ ಪಿನ್ನಿನ ಕಾಲು ಭಾಗವನ್ನು ಕಚ್ಚಿಕೊಂಡು ಬೀಳಬೇಕು. ಹಾಗೆ ಒಂದನ್ನೊಂದು ಹಿಡಿದುಕೊಂಡು ಹೋದರೆ ಯಾವ ಪಿನ್ನೂ ತಾನಾಗಿ ಸಡಿಲವಾಗಲು ಜಾಗವೇ ಇರುವುದಿಲ್ಲ. ನಮ್ಮ ಕಡೆ ಬಿದಿರ ಬುಟ್ಟಿ ಹೆಣೆಯುವಾಗ ಒಂದು ಎಳೆ ಇನ್ನೊಂದನ್ನು ಒತ್ತಿ ಹಿಡಿಯುತ್ತದಲ್ಲ, ಹಾಗೆ.

ಬೀಡು ಕೊರೆಯುವಾಗ ಸುರುಳಿ ಬರುವುದಿಲ್ಲ. ಕಪ್ಪು ಪುಡಿ ಉದುರುತ್ತದೆ. ಎರಡು ಬೆರಳಲ್ಲಿ ತಿಕ್ಕಿದರೆ ಪೆನ್ಸಿಲ್ ಸೀಸದ ಹಾಗೆ ಜಾರುತ್ತದೆ. ಅಜ್ಜ ಹೇಳಿದ ಅವಲಕ್ಕಿ ಅದು.

ಮುಖದ ಮೇಲೆ 7 ಪಿನ್, ಗಂಟಲಿನಲ್ಲಿ 4. ಗಂಟಲಿನ ಆ ನಾಲ್ಕಕ್ಕೇ ಮಧ್ಯಾಹ್ನವೆಲ್ಲ ಹಿಡಿಯಿತು. ಡ್ರಿಲ್ ಓರೆಯಾಗಿ ಹೋಗಬೇಕು, ಒಂದು ಕೂದಲು ತಪ್ಪಿದರೆ ಗೈಡಿನ ತೂತಿಗೆ ಬೀಳುತ್ತದೆ. ಭಾಯ್ ಒಂದು ಮಾತೂ ಆಡಲಿಲ್ಲ, ಫೋನ್ ಬಂದರೂ ಎತ್ತಲಿಲ್ಲ. ನಾವೂ ಉಸಿರು ಬಿಗಿಹಿಡಿದು ಕೂತಿದ್ದೆವು. ಇಂಥ ಕೈ ಇರುವವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ ಅನ್ನುವುದು ನನಗೆ ನಿಜವಾಗಿಯೂ ದೊಡ್ಡ ವಿಷಯ.

ಸಂಜೆ ಮತ್ತೆ ಡ್ರಮ್ಮು, ಮತ್ತೆ ಸೌದೆ. 80 ಡಿಗ್ರಿಯಲ್ಲಿ ಗಂಟಲಿನ ಮೂರನೇ ಪಿನ್ನಿನಿಂದ ಒಂದೇ ಒಂದು ಗುಳ್ಳೆ ಬಂದು ನಿಂತಿತು, ಅರ್ಧ ನಿಮಿಷಕ್ಕೆ ಇನ್ನೊಂದು. ನಾನಾಗಿದ್ದರೆ ಇಷ್ಟಕ್ಕೆ ಏನಾಗುತ್ತೆ ಅಂತ ಬಿಡುತ್ತಿದ್ದೆನೇನೋ. ಅವರು ಮರುದಿನ ಆ ಪಿನ್ ಕೊರೆದು ತೆಗೆದು, ಒಂದು ಅಳತೆ ದಪ್ಪನೆಯ ಪಿನ್ ಹಾಕಿ ಮೂರನೇ ಸಲ ಕಾಯಿಸಿ ನೋಡಿದರು. ಅರ್ಧ ಗಂಟೆ ಮುಳುಗಿಸಿಟ್ಟರೂ ಗುಳ್ಳೆ ಇಲ್ಲ.

ಉಳಿದದ್ದು ಮಾಮೂಲಿ ಕೆಲಸ, ಆದರೂ ಎರಡು ವಿಷಯ ಹೇಳಬೇಕು. ಹೆಡ್ಡಿನ ಮುಖದ ಮೇಲೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿದರೆ ನಡುವಿನಲ್ಲಿ 0.12 ಮಿಮೀ ತಗ್ಗು ಇತ್ತು. ಆರು ತೌ (ಒಂದು ತೌ ಇಂಚಿನ ಸಾವಿರದಲ್ಲೊಂದು ಪಾಲು), ಅಂದರೆ 0.15 ಮಿಮೀ ಫೇಸಿಂಗ್ ಮಾಡಿದರು. ಮುಖ ಅಷ್ಟು ಸವೆದು ಹೆಡ್ ಕೆಳಗೆ ಕೂತರೆ ವಾಲ್ವ್ ಪಿಸ್ಟನ್ನಿಗೆ ಅಷ್ಟು ಹತ್ತಿರವಾಗುತ್ತದೆ. ಹಾಗಾಗಿ ಎಲ್ಲಾ ಸೀಟುಗಳನ್ನೂ ಲೆಕ್ಕ ಹಾಕಿ ಒಳಗೆ ಕೊರೆದು, ವಾಲ್ವ್ ತಲೆ ಮುಖಕ್ಕಿಂತ ಎಷ್ಟು ಒಳಗಿದೆ ಅಂತ ಪ್ರತಿಯೊಂದನ್ನೂ ಅಳೆದರು. ಬರೀ ಫೇಸಿಂಗ್ ಮಾಡಿ ಕೊಡುವವರ ಹತ್ತಿರ ಈ ಅಳತೆ ಕೇಳಲೇಬೇಕು. ಮತ್ತೆ ಡೀಸೆಲ್ ಚಿಮ್ಮಿಸುವ ನಾಝಲ್ ತುದಿ ಎಷ್ಟು ಹೊರಗೆ ಬರುತ್ತದೆ ಅನ್ನುವುದೂ ಮುಖ್ಯ. ಅದನ್ನು ತಾಮ್ರದ ವಾಷರಿನಲ್ಲಿ ಸರಿ ಮಾಡಿದರು. ಇನ್ನೊಂದು, ಹೊಸ ಸೀಟುಗಳನ್ನು ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಹೆಡ್ಡನ್ನು ಬಿಸಿ ನೀರಿನಲ್ಲಿ ಕಾಯಿಸಿ ಕೂರಿಸಿದರು. ಒಂದು ಕುಗ್ಗಿರುತ್ತದೆ, ಇನ್ನೊಂದು ಹಿಗ್ಗಿರುತ್ತದೆ. ಎರಡೂ ಒಂದೇ ಬಿಸಿಗೆ ಬಂದ ಮೇಲೆ ಆ ಸೀಟು ಹೊರಗೆ ಬರುವುದಿಲ್ಲ.

ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ತಿಕ್ಕಿ ಕೂರಿಸುವುದು) ಮಾತ್ರ ಮನೆಗೆ ತಂದು ಜಗಲಿಯಲ್ಲಿ ನಾನೇ ಮಾಡಿದೆ. ಮೊದಲು ಒರಟು ಪೇಸ್ಟ್, ಆಮೇಲೆ ನಯವಾದದ್ದು. ಕೋಲನ್ನು ಅಂಗೈಯಲ್ಲಿ ಮಜ್ಜಿಗೆ ಕಡೆದ ಹಾಗೆ ಹಿಂದೆ ಮುಂದೆ ತಿರುಗಿಸುತ್ತಾ ಹೋದರೆ ಗರಗರ ಶಬ್ದ ನಿಧಾನವಾಗಿ ಮೆತ್ತಗಾಗುತ್ತದೆ. ವಾಲ್ವ್ ಸುತ್ತ ಒಂದೇ ಅಗಲದ ಬೂದು ಪಟ್ಟಿ ಬಂದರೆ ಸರಿ. ಸ್ಪ್ರಿಂಗ್ ಹಾಕಿ, ಗಂಟಲಿಗೆ ಸೀಮೆಎಣ್ಣೆ ಹೊಯ್ದು ರಾತ್ರಿ ಬಿಟ್ಟೆ. ಬೆಳಿಗ್ಗೆ ಒಂದು ಎಕ್ಸಾಸ್ಟ್ ವಾಲ್ವ್ ಒದ್ದೆಯಾಗಿತ್ತು. ಮತ್ತೆ ತಿಕ್ಕಿದೆ.

ಎಂಜಿನ್ ಹೇಗೂ ಬಿಚ್ಚಿದೆ ಅಂತ ರಿಂಗ್, ಬೇರಿಂಗ್ ಬದಲಿಸಿದೆವು. ಬ್ಲಾಕಿನ ಪಕ್ಕದ ವಾಟರ್ ಡಮ್ಮಿಗಳಲ್ಲಿ (ನೀರಿನ ತೂತು ಮುಚ್ಚುವ ತಗಡಿನ ಬಿಲ್ಲೆಗಳಲ್ಲಿ) ಎರಡು ಸ್ಕ್ರೂಡ್ರೈವರ್ ಒತ್ತಿದರೆ ತೂತಾಗುವಷ್ಟು ಸವೆದಿದ್ದವು, ಅವೂ ಹೊಸದು. ಎರಡೂ ಹೋಸ್, ವಾಟರ್ ಪಂಪ್, ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆಯುವ ನೀರಿನ ಬಾಗಿಲು). ಈ ನಾಲ್ಕರಲ್ಲಿ ಕಂಜೂಸುತನ ಮಾಡಬೇಡಿ, ಹೆಡ್ ಕೆಲಸದ ಮುಂದೆ ಇವುಗಳ ಬೆಲೆ ಏನೂ ಅಲ್ಲ.

ಹೆಡ್ ಕೂರಿಸುವಾಗ ಮೆಕ್ಯಾನಿಕ್ ಹುಡುಗನಿಗೆ ಟಾರ್ಕ್ ರೆಂಚ್ (ಬಿಗಿತ ಅಳೆಯುವ ಪಾನಾ) ಬೇಕೇ ಬೇಕು ಅಂದೆ. "ನನ್ನ ಕೈಯೇ ಟಾರ್ಕ್ ಅಣ್ಣ" ಅಂದ. ಈ ಸಲ ಬೇಡ ಅಂತ ಹೇಳಿ, ಟ್ರ್ಯಾಕ್ಟರ್ ಶೋರೂಮಿನ ಒಬ್ಬ ಪರಿಚಯದವರಿಂದ ಒಂದು ದಿನಕ್ಕೆ ಕೇಳಿ ತಂದೆ. ನಡುವಿನಿಂದ ಶುರು ಮಾಡಿ ಅಂಚಿಗೆ ಹೋಗುತ್ತಾ, ಮೂರು ಸುತ್ತಿನಲ್ಲಿ ಬಿಗಿದೆವು. ಮೂರನೇ ಸುತ್ತಿನಲ್ಲಿ ರೆಂಚ್ 'ಕ್ಲಿಕ್' ಅನ್ನುವ ಜಾಗ ಅವನ ಕೈ ಅಂದಾಜಿಗಿಂತ ತುಂಬಾ ಮುಂದಿತ್ತು. ಅವನೂ ಅದನ್ನು ನೋಡಿದ, ಈಗ ಅವನೇ ಒಂದು ರೆಂಚ್ ಕೊಂಡಿದ್ದಾನೆ.

ಮೊದಲ ಸ್ಟಾರ್ಟ್ ಮೇ ಎರಡನೇ ವಾರ. ಡೀಸೆಲ್ ಲೈನಿನ ಗಾಳಿ ತೆಗೆದು, ಕೂಲಂಟ್ ತುಂಬಿ, ಮುಚ್ಚಳ ತೆರೆದೇ ಇಟ್ಟು ಸ್ಟಾರ್ಟ್ ಹೊಡೆದೆವು. ಎರಡನೇ ಸಲಕ್ಕೆ ಹಿಡಿಯಿತು. ಅಮ್ಮ ಬಾಗಿಲಲ್ಲಿ ನಿಂತು, "ಹೊಗೆ ಬಿಳಿ ಇಲ್ಲ ಅಲ್ಲನಾ?" ಅಂತ ಕೇಳಿದರು. ಇರಲಿಲ್ಲ. ನಲವತ್ತು ನಿಮಿಷ ರೇಡಿಯೇಟರ್ ಬಾಯಿ ನೋಡುತ್ತಾ ಕೂತೆ. ಥರ್ಮೋಸ್ಟಾಟ್ ತೆರೆದಾಗ ನೀರು ಒಮ್ಮೆ ಕದಡಿತು, ಒಳಗಿದ್ದ ಗಾಳಿಯ ಎರಡು ದೊಡ್ಡ ಗುಳ್ಳೆ ಬಂದವು, ಎದೆ ಧಸಕ್ ಅಂತು. ಆಮೇಲೆ ಬರಲಿಲ್ಲ. ಮರುದಿನ ತಣ್ಣಗಾದ ಮೇಲೆ ಹೆಡ್ ಇನ್ನೊಮ್ಮೆ ಬಿಗಿದು, ಟ್ಯಾಪೆಟ್ ಸರಿ ಮಾಡಿದೆವು. 500 ಕಿಮೀ ಆದ ಮೇಲೆ ಮತ್ತೊಮ್ಮೆ. ಆಗ ಎರಡು ನಟ್ ಸ್ವಲ್ಪ ತಿರುಗಿದವು.

ಖರ್ಚಿನ ಬಗ್ಗೆ ಕೇಳುವವರಿಗೆ: ಪರೀಕ್ಷೆ, ಹೊಲಿಗೆ, ಸೀಟು, ಫೇಸಿಂಗ್ ಸೇರಿ ನನಗಾದದ್ದು ಹೊಸ ಹೆಡ್ಡಿಗೆ ಹೇಳಿದ ದರದ ಅರ್ಧಕ್ಕಿಂತ ಕಮ್ಮಿ. ಗುಜರಿಯ ಹಳೆ ಹೆಡ್ ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಅದನ್ನೂ ಬಿಸಿ ನೀರಿನಲ್ಲಿ ಪರೀಕ್ಷೆ ಮಾಡಿಸದೆ ತೆಗೆದುಕೊಳ್ಳುವಂತಿಲ್ಲ, ಅಲ್ವಾ? ಅದರ ಮುಖ ಈಗಾಗಲೇ ಎಷ್ಟು ಸಲ ಕೊರೆದಿದ್ದಾರೆ ಅಂತಲೂ ಗೊತ್ತಿರುವುದಿಲ್ಲ.

ಮೇ ಕೊನೆಗೆ ಉಳಿದ 200 ಹೆಂಚು ತರಲು ಮತ್ತೆ ಘಟ್ಟ ಇಳಿದೆ. ಈ ಸಲ ಬೆಳಿಗ್ಗೆ ಬೇಗ ಹೊರಟೆ, ಭಾರವೂ ಕಮ್ಮಿ. ಒಂಬತ್ತನೇ ತಿರುವಿನಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ ಮೇಲಿನ ಹೋಸ್ ಹಿಸುಕಿ ನೋಡಿದೆ. ಬಿಸಿ ಇತ್ತು, ಆದರೆ ಬೆರಳಿಗೆ ಬಗ್ಗುತ್ತಿತ್ತು. ಗ್ಯಾಸ್ ಸೇರುತ್ತಿದ್ದ ದಿನಗಳಲ್ಲಿ ಅದು ಕಲ್ಲಿನ ಹಾಗೆ ಇರುತ್ತಿತ್ತು. ಒರತೆ ಬತ್ತಿತ್ತು. ಮುಳ್ಳು ಅದರ ಜಾಗದಲ್ಲೇ ಇತ್ತು.

ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಮಾಡು ಮುಗಿಯಿತು. ಎರಡನೇ ಸಿಲಿಂಡರಿನ ಆ 9 ಮಿಲಿಮೀಟರ್ ಗೆರೆ ಹಾಗೆಯೇ ಇದೆ. ಅಳತೆ, ದಿನಾಂಕ, ಮೀಟರಿನ ಕಿಲೋಮೀಟರ್ ಮೂರನ್ನೂ ಜೀಪಿನ ಪುಸ್ತಕದಲ್ಲಿ ಅಪ್ಪ ಬರೆದಿದ್ದ ಕೊನೆಯ ಪುಟದ ಕೆಳಗೆ ಬರೆದಿಟ್ಟಿದ್ದೇನೆ. ಮತ್ತೆ ಯಾವಾಗ ಹೆಡ್ ಬಿಚ್ಚಿದರೂ ಮೊದಲು ಅಳೆಯುವುದು ಅದನ್ನೇ.